ನೇಪಾಳದಲ್ಲಿ ಕಡಿಮೆ ಖರ್ಚಿನ ಸ್ವಯಂಸೇವೆ: ಊರಿನ ಸಂಸ್ಥೆಗಳ ಜತೆ ನೇರವಾಗಿ ಕೆಲಸ ಮಾಡಲು ಸಮಗ್ರ ಮಾರ್ಗದರ್ಶಿ

ವಿದೇಶದಲ್ಲಿ ಸ್ವಯಂಸೇವೆ ಮಾಡಬೇಕೆಂದು ಹುಡುಕಲು ಕೂತವರಿಗೆ ಮೊದಲು ಎದುರಾಗುವುದು ಪ್ಯಾಕೇಜುಗಳು. ವಿಮಾನ ನಿಲ್ದಾಣದಿಂದ ಕಾರು, ಎರಡು ದಿನ ಹೋಟೆಲು, ವಾರಾಂತ್ಯಕ್ಕೊಂದು ಪ್ರವಾಸ, ಕೊನೆಗೊಂದು ಸರ್ಟಿಫಿಕೇಟು, ಶುಲ್ಕ ಡಾಲರಿನಲ್ಲಿ. ಜಾಹೀರಾತಿನ ಖರ್ಚು, ದಲ್ಲಾಳಿಯ ಕಚೇರಿ ಖರ್ಚು ಕಳೆದು ಉಳಿದದ್ದು ಮಾತ್ರ ನಿಮಗೆ ಅನ್ನ ಬಡಿಸುವ ಮನೆಗೆ, ಕೆಲಸ ನಡೆಯುವ ಶಾಲೆಗೆ, ಹೊಲಕ್ಕೆ ಹೋಗುತ್ತದೆ. ಈ ನಡುವಿನ ಪಾಲನ್ನು ತೆಗೆದರೆ ಖರ್ಚು ಇಳಿಯುತ್ತದೆ, ಕೆಲಸವೂ ಊರಿನವರಿಗೆ ಬೇಕಾದ ಹಾಗೆ ನಡೆಯುತ್ತದೆ. ಬಿಟ್ಟಿ ಊಟ, ಬಿಟ್ಟಿ ವಸತಿ ಹುಡುಕಿ ಹಣ ಉಳಿಸುವುದು ಇದರ ಉದ್ದೇಶವಲ್ಲ. ಕೊಡುವ ಹಣ ಸೇರಬೇಕಾದವರ ಕೈಗೇ ಸೇರಲಿ ಎಂಬುದು ಉದ್ದೇಶ.

ಭಾರತೀಯರಿಗೆ ಇಂಥ ಪ್ರಯತ್ನಕ್ಕೆ ಅತ್ಯಂತ ಅನುಕೂಲವಾದ ದೇಶ ನೇಪಾಳ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ. ಬೇರೆ ದೇಶದವರು ಪ್ರವಾಸಿ ವೀಸಾದಲ್ಲಿ ಬಂದು ಸಂಬಳವಿಲ್ಲದೆ ಕೆಲಸ ಮಾಡಿದರೂ ಅಲ್ಲಿನ ವಲಸೆ ನಿಯಮಕ್ಕೆ ವಿರುದ್ಧ. ನಮಗೆ ಆ ತೊಡಕಿಲ್ಲ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ವಿನಿಮಯ ದರ 1993ರಿಂದ ಹಾಗೇ ಇದೆ, ಆದ್ದರಿಂದ ಆರು ತಿಂಗಳ ಮುಂಚೆ ಹಾಕಿದ ಲೆಕ್ಕವೂ ದರದ ಕಾರಣಕ್ಕೆ ಏರುಪೇರಾಗುವುದಿಲ್ಲ. ಕನ್ನಡಿಗರಿಗಂತೂ ಆ ನಾಡು ಪೂರ್ತಿ ಅಪರಿಚಿತವಲ್ಲ. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರು ಹೋಗುವ ಪರಂಪರೆ ಇಂದಿಗೂ ಉಳಿದಿದೆ.

ಇಲ್ಲಿ ಹೇಳುವುದೆಲ್ಲ ನಾಲ್ಕರಿಂದ ಎಂಟು ವಾರ ಇರಬಲ್ಲವರಿಗೆ. ಹತ್ತು ದಿನಕ್ಕೆ ಹೋಗುವವರಿಂದ ಆತಿಥ್ಯದ ಹೊರೆಯೇ ಹೆಚ್ಚು, ಕೆಲಸ ಕಡಿಮೆ. ಅಷ್ಟೇ ಸಮಯವಿದ್ದರೆ ಪ್ರವಾಸಿಗರಾಗಿ ಹೋಗಿ ಹಳ್ಳಿಯ ಹೋಮ್‌ಸ್ಟೇಯಲ್ಲಿ ಹಣ ಕೊಟ್ಟು ಉಳಿಯಿರಿ, ಅದರಿಂದಲೂ ಊರಿಗೆ ಉಪಕಾರವಿದೆ.

ಮೊದಲು ಕೆಲಸ ಯಾವುದೆಂದು ನಿಶ್ಚಯಿಸಿ

'ಏನು ಬೇಕಾದರೂ ಮಾಡುತ್ತೇನೆ' ಎನ್ನುವವರನ್ನು ಕಂಡರೆ ಸಂಸ್ಥೆಗಳಿಗೆ ತಲೆನೋವು, ಏಕೆಂದರೆ ಅಂಥವರಿಗೆ ಕೆಲಸ ಹುಡುಕುವುದೇ ಇನ್ನೊಂದು ಕೆಲಸ. ನೇಪಾಳದ ಹಳ್ಳಿಗಳಲ್ಲಿ ಸ್ವಯಂಸೇವಕರಿಗೆ ಬರವಿಲ್ಲ ಎಂಬುದನ್ನೂ ನೆನಪಿಡಿ. 1988ರಲ್ಲಿ ಶುರುವಾದ ಮಹಿಳಾ ಸಾಮುದಾಯಿಕ ಆರೋಗ್ಯ ಸ್ವಯಂಸೇವಿಕೆಯರ ಪಡೆಯಲ್ಲಿ ಈಗ ಸುಮಾರು 50,000 ಹೆಂಗಸರಿದ್ದಾರೆ. ಅಲ್ಲಿ ಇಲ್ಲದ ಯಾವುದನ್ನು ನೀವು ಒದಗಿಸಬಲ್ಲಿರಿ ಎಂಬ ಪ್ರಶ್ನೆಯಿಂದ ಯೋಚನೆ ಶುರುವಾಗಲಿ.

ಚೆನ್ನಾಗಿ ಹೊಂದುವ ಕೆಲಸಗಳಿವು: ಸಣ್ಣ ಸಂಸ್ಥೆಯ ಲೆಕ್ಕಪತ್ರವನ್ನು ಎಕ್ಸೆಲ್‌ಗೆ ತಂದು ಅಲ್ಲಿನ ಸಿಬ್ಬಂದಿಗೆ ಕಲಿಸುವುದು, ಅನುದಾನದ ಅರ್ಜಿ ಮತ್ತು ವರದಿಗಳ ಇಂಗ್ಲಿಷ್ ತಿದ್ದುವುದು, ಹೋಮ್‌ಸ್ಟೇ ಸಮಿತಿಗೆ ಒಳ್ಳೆಯ ಫೋಟೊ ಮತ್ತು ಬುಕಿಂಗ್ ಪುಟ ಮಾಡಿಕೊಡುವುದು, ಶಾಲೆಯ ಕಂಪ್ಯೂಟರ್ ಕೋಣೆ ಸರಿಪಡಿಸುವುದು, ಸೋಲಾರ್ ಅಥವಾ ಮಳೆನೀರು ಕೊಯ್ಲಿನ ತಾಂತ್ರಿಕ ನೆರವು, ಬೀದಿನಾಯಿಗಳ ಚಿಕಿತ್ಸಾಲಯದಲ್ಲಿ ಪಶುವೈದ್ಯರಿಗೆ ಸಹಾಯ, ಬಿತ್ತನೆ-ಕೊಯ್ಲಿನ ದಿನಗಳಲ್ಲಿ ಹೊಲದ ದುಡಿಮೆ. ಕಾಫಿ ತೋಟದ ಅನುಭವವಿರುವ ಕೊಡಗು, ಚಿಕ್ಕಮಗಳೂರಿನವರಿಗೆ ಒಂದು ವಿಶೇಷ ಅವಕಾಶವಿದೆ. ಗುಲ್ಮಿ, ಪಾಲ್ಪಾ, ಸ್ಯಾಂಗ್ಜಾ, ಕಾವ್ರೆ ಮುಂತಾದ ಗುಡ್ಡಗಾಡು ಜಿಲ್ಲೆಗಳ ಸಣ್ಣ ರೈತರು ಅರೇಬಿಕಾ ಬೆಳೆಯುತ್ತಾರೆ. ಚಿಗುರು ತೆಗೆಯುವುದು, ಕಾಂಡಕೊರಕದ ಹತೋಟಿ, ಹಣ್ಣು ಪಲ್ಪಿಂಗ್ ಮಾಡಿ ಒಣಗಿಸುವುದು ಬಲ್ಲವರು ಅಲ್ಲಿ ಪಾಠವನ್ನೂ ಹೇಳಬಹುದು, ಪಾಠವನ್ನೂ ಕಲಿಯಬಹುದು.

ಬೇಡವಾದ ಕೆಲಸಗಳೂ ಇವೆ. ಕೌಶಲವಿಲ್ಲದೆ ಗೋಡೆ ಕಟ್ಟಲು ಹೋದರೆ ಊರಿನ ಗಾರೆಯವನ ಕೂಲಿ ತಪ್ಪುತ್ತದೆ, ಗೋಡೆಯೂ ಸೊಟ್ಟಗಾಗುತ್ತದೆ. ಭೂಕಂಪದ ನಾಡಿನಲ್ಲಿ ಸೊಟ್ಟ ಗೋಡೆ ಜೀವಕ್ಕೇ ಅಪಾಯ. ವೈದ್ಯರು ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಪಡೆಯದೆ ರೋಗಿಗಳನ್ನು ನೋಡುವಂತಿಲ್ಲ. ವೈದ್ಯಕೀಯ ವಿದ್ಯಾರ್ಥಿ ತನ್ನ ಕಾಲೇಜಿನಲ್ಲಿ ಮಾಡಲು ಅನುಮತಿಯಿಲ್ಲದ್ದನ್ನು ಅಲ್ಲಿಯೂ ಮಾಡಬಾರದು. ಶಾಲೆಯಲ್ಲಿ ಪಾಠ ಮಾಡುವುದಾದರೆ ಅಲ್ಲಿನ ಶಿಕ್ಷಕರ ಜತೆಗೇ ತರಗತಿಯಲ್ಲಿರಬೇಕು. ನೀವು ಒಬ್ಬರೇ ತರಗತಿ ಹಿಡಿದರೆ ಶಿಕ್ಷಕರಿಗೆ ಬಿಡುವು ಸಿಗುತ್ತದೆ ಅಷ್ಟೇ, ನೀವು ಹೊರಟ ಮರುದಿನ ಪಾಠ ನಿಂತುಹೋಗುತ್ತದೆ.

ಅನಾಥಾಲಯಗಳಿಗೆ ಹೋಗಬೇಡಿ

ಈ ವಿಷಯದಲ್ಲಿ ಮುಲಾಜಿಲ್ಲ. ನೇಪಾಳದ 'ಬಾಲಗೃಹ'ಗಳಲ್ಲಿ ಹೆಚ್ಚಿನವು ಪ್ರವಾಸಿಗರು ಬರುವ ಕೆಲವೇ ಜಿಲ್ಲೆಗಳಲ್ಲಿವೆ: ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತ್ವನ. ಅಲ್ಲಿನ ಬಹುಪಾಲು ಮಕ್ಕಳಿಗೆ ತಾಯಿ ಅಥವಾ ತಂದೆ ಇದ್ದಾರೆ. ದೂರದ ಬಡ ಜಿಲ್ಲೆಗಳಲ್ಲಿ 'ಒಳ್ಳೆಯ ಶಾಲೆ' ಎಂದು ನಂಬಿಸಿ, ಹೆತ್ತವರಿಂದ ಹಣವನ್ನೂ ಪಡೆದು ಮಕ್ಕಳನ್ನು ಕರೆತರುವ ದಲ್ಲಾಳಿಗಳ ಕತೆ ಅಲ್ಲಿ ಎಲ್ಲರಿಗೂ ಗೊತ್ತು. ವಿದೇಶಿ ಸ್ವಯಂಸೇವಕರ ಶುಲ್ಕ ಮತ್ತು ದಾನ ಬರುತ್ತಿರುವಷ್ಟು ದಿನ ಮಕ್ಕಳನ್ನು ಮನೆಗೆ ಕಳಿಸಲು ಅಂಥವರಿಗೆ ಮನಸ್ಸಿರುವುದಿಲ್ಲ. 2015ರ ಏಪ್ರಿಲ್ 25ರ ಭೂಕಂಪದ ನಂತರ ಮಕ್ಕಳ ಸಾಗಣೆ ಹೆಚ್ಚಬಹುದೆಂದು ಯುನಿಸೆಫ್ ಎಚ್ಚರಿಸಿತ್ತು, ಸರ್ಕಾರ ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯದಂತೆ ನಿರ್ಬಂಧ ಹಾಕಿತ್ತು. 2018ರ ಮಕ್ಕಳ ಕಾಯ್ದೆ ಸಂಸ್ಥೆಯ ಆಶ್ರಯವನ್ನು ಕಟ್ಟಕಡೆಯ ದಾರಿಯನ್ನಾಗಿ ಕಾಣುತ್ತದೆ.

ಪ್ರಾಮಾಣಿಕವಾಗಿ ನಡೆಯುವ ಬಾಲಗೃಹಗಳೂ ಇವೆ, ಆದರೆ ಅಂಥವು ಆರು ವಾರಕ್ಕೆ ಬಂದುಹೋಗುವವರನ್ನು ಮಕ್ಕಳ ಹತ್ತಿರ ಬಿಡುವುದಿಲ್ಲ. ಅಪ್ಪಿಕೊಂಡು, ಆಡಿಸಿ, ಮತ್ತೆ ಹೊರಟುಹೋಗುವ ಹೊಸ ಹೊಸ 'ಅಕ್ಕ-ಅಣ್ಣ'ಂದಿರಿಂದ ಮಕ್ಕಳ ಮನಸ್ಸಿಗೆ ಆಗುವ ಗಾಯ ಅವರಿಗೆ ಗೊತ್ತು. ಹಾಗಾಗಿ ನಿಮ್ಮನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವ ಬಾಲಗೃಹವಿದ್ದರೆ, ಆ ಸಲೀಸೇ ಅನುಮಾನಕ್ಕೆ ಕಾರಣ. ಅಲ್ಲಿದ್ದಾಗ ಮಗುವಿಗೆ ತೊಂದರೆಯಾಗುತ್ತಿರುವುದು ಕಂಡರೆ 1098ಕ್ಕೆ ಕರೆ ಮಾಡಿ, ಅದು ನೇಪಾಳದಲ್ಲೂ ಮಕ್ಕಳ ಸಹಾಯವಾಣಿ.

ಕಾಲ ನೋಡಿಕೊಳ್ಳಿ

ವಿಕ್ರಮ ಸಂವತ್ಸರದ ವೈಶಾಖದಲ್ಲಿ, ಅಂದರೆ ಏಪ್ರಿಲ್ ಮಧ್ಯದಲ್ಲಿ, ಅಲ್ಲಿನ ಶಾಲಾ ವರ್ಷ ಶುರುವಾಗುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆ. ಭತ್ತದ ನಾಟಿ ಅಸಾರದಲ್ಲಿ, ಜೂನ್-ಜುಲೈ ಹೊತ್ತಿಗೆ. ಕೆಸರಿಗಿಳಿದು ನಾಟಿ ಮಾಡಬಲ್ಲವರಿಗೆ ಇದು ನಿಜವಾಗಿಯೂ ಕೈಗಳು ಬೇಕಿರುವ ಕಾಲ, ಏಕೆಂದರೆ ಗುಡ್ಡದ ಹಳ್ಳಿಗಳ ಯುವಕರಲ್ಲಿ ಎಷ್ಟೋ ಮಂದಿ ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ, ನಮ್ಮ ಬೆಂಗಳೂರಿಗೇ ದುಡಿಯಲು ಹೋಗಿರುತ್ತಾರೆ. ಕೊಯ್ಲು ಅಕ್ಟೋಬರ್-ನವೆಂಬರ್‌ನಲ್ಲಿ. ದಸೈಂ ಮತ್ತು ತಿಹಾರ್ ಹಬ್ಬಗಳು ಅದರ ಆಸುಪಾಸಿನಲ್ಲೇ ಬರುತ್ತವೆ. ಆಗ ಶಾಲೆ ಮುಚ್ಚಿರುತ್ತದೆ, ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ, ಬಸ್ಸಿನಲ್ಲಿ ಜಾಗವೂ ಇರುವುದಿಲ್ಲ. ಶಾಲೆಯ ಕೆಲಸಕ್ಕೆ ಹೊರಟವರು ಅಕ್ಟೋಬರ್‌ನಲ್ಲಿ ಹೋಗಿ ಬರೀ ಕೈಯಲ್ಲಿ ಕೂರುವುದು ಪದೇ ಪದೇ ಆಗುವ ಎಡವಟ್ಟು. ಶಾಲೆಗೆ ಮೇ ಅಥವಾ ನವೆಂಬರ್ ಮಧ್ಯದ ನಂತರ, ಕಚೇರಿ ಕೆಲಸಕ್ಕೆ ಫೆಬ್ರವರಿ-ಮಾರ್ಚ್ ಒಳ್ಳೆಯದು.

ಸಂಸ್ಥೆ ಹುಡುಕುವುದು

ಇಲ್ಲಿ ಆತುರ ಬೇಡ. ಹೊರಡುವ ಮೂರ್ನಾಲ್ಕು ತಿಂಗಳ ಮುಂಚೆ ಶುರು ಮಾಡಿ.

ಹೆಸರು ಗೊತ್ತಿರುವ ಹಳೆಯ ಸಂಸ್ಥೆಗಳಿಂದ ಆರಂಭಿಸಬಹುದು. ಕಠ್ಮಂಡುವಿನ ಕೀಪ್ 1992ರಿಂದ ಚಾರಣ ಪ್ರದೇಶಗಳ ಪರಿಸರ ಮತ್ತು ಹೊರೆಯಾಳುಗಳ ಯೋಗಕ್ಷೇಮಕ್ಕಾಗಿ ಕೆಲಸ ಮಾಡುತ್ತಿದೆ. ಹಿಮದಲ್ಲಿ ಹೊರೆ ಹೊರುವವರಿಗೆ ಬೆಚ್ಚನೆ ಬಟ್ಟೆ ಎರವಲು ಕೊಡುವ ಬಟ್ಟೆ ಬ್ಯಾಂಕ್ ಅದರದ್ದು. 1973ರ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್, ಮನಾಂಗ್ ಮತ್ತು ಫೇರಿಚೆಯಲ್ಲಿ ನಡೆಸುವ ಚಿಕಿತ್ಸಾಲಯಗಳಿಗೆ ಸ್ವಯಂಸೇವಕ ವೈದ್ಯರನ್ನು ಕರೆಯುತ್ತದೆ. ಬೀದಿನಾಯಿಗಳ ಸಂತಾನಹರಣ ಮತ್ತು ರೇಬಿಸ್ ತಡೆಗೆ ಕಠ್ಮಂಡುವಿನ ಕ್ಯಾಟ್ ಸೆಂಟರ್ ಹೆಸರಾಗಿದೆ. ಸಾವಯವ ಹೊಲಗಳಿಗೆ ವೂಫ್ ಜಾಲ ಇದೆ, ದಿನಕ್ಕೆ ನಾಲ್ಕರಿಂದ ಆರು ಗಂಟೆ ದುಡಿಮೆಗೆ ಊಟ-ವಸತಿ ಎಂಬುದು ಅದರ ರೂಢಿ. ವಿಪಶ್ಯನ ಶಿಬಿರ ಮಾಡಿದವರು ಬೂಢಾನೀಲಕಂಠದ ಧಮ್ಮಶೃಂಗ ಕೇಂದ್ರದಲ್ಲಿ ಧಮ್ಮಸೇವೆಗೆ ಅರ್ಜಿ ಹಾಕಬಹುದು, ಅಲ್ಲಿ ಹಣದ ಮಾತೇ ಇಲ್ಲ.

ಇವಕ್ಕಿಂತ ಕಡಿಮೆ ಗೊತ್ತಿರುವ ಆದರೆ ಹೆಚ್ಚು ಫಲ ಕೊಡುವ ದಾರಿ ಹಳ್ಳಿಯ ಬಳಕೆದಾರರ ಗುಂಪುಗಳು. ನೇಪಾಳದಲ್ಲಿ 22,000ಕ್ಕೂ ಹೆಚ್ಚು ಸಾಮುದಾಯಿಕ ಅರಣ್ಯ ಬಳಕೆದಾರರ ಗುಂಪುಗಳಿವೆ. 1993ರ ಅರಣ್ಯ ಕಾಯ್ದೆಯಿಂದ ಬಲ ಪಡೆದ ಇವು ತಮ್ಮ ಕಾಡನ್ನು ತಾವೇ ಆಳುತ್ತವೆ, ಅದರ ಆದಾಯದಲ್ಲಿ ದಾರಿ, ಶಾಲೆ, ಕುಡಿಯುವ ನೀರಿಗೆ ಖರ್ಚು ಮಾಡುತ್ತವೆ. ಹೆಂಗಸರ 'ಆಮಾ ಸಮೂಹ' ಹೆಚ್ಚೂಕಡಿಮೆ ಪ್ರತಿ ಹಳ್ಳಿಯಲ್ಲಿದೆ. ಸಾಮುದಾಯಿಕ ಹೋಮ್‌ಸ್ಟೇಗಳು 1997ರಲ್ಲಿ ಸ್ಯಾಂಗ್ಜಾದ ಸಿರುಬಾರಿಯಿಂದ ಶುರುವಾಗಿ ಘಲೇಗಾಂವ್ ಮುಂತಾದ ಕಡೆ ಬೆಳೆದಿವೆ. ಇವುಗಳಿಗೆ ಚೆಂದದ ಜಾಲತಾಣ ಇಲ್ಲದಿರಬಹುದು, ಆದರೆ ಹೋಮ್‌ಸ್ಟೇ ಸಮಿತಿಯ ಫೋನ್ ಸಂಖ್ಯೆ ಸಿಗುತ್ತದೆ. ಆ ಸಮಿತಿಯ ಅಧ್ಯಕ್ಷರಿಗೇ ಕರೆ ಮಾಡಿ 'ನಿಮ್ಮೂರಿನ ಶಾಲೆ, ಅರಣ್ಯ ಸಮಿತಿ, ಆಮಾ ಸಮೂಹದಲ್ಲಿ ಇಂಥ ಕೆಲಸ ಬೇಕಿದೆಯೇ' ಎಂದು ಕೇಳಿದರೆ ಉಳಿಯುವ ಮನೆ ಮತ್ತು ಕೆಲಸ ಒಂದೇ ಕರೆಯಲ್ಲಿ ಕುದುರುವುದುಂಟು.

ಒಬ್ಬರೇ ಹೋಗಲು ಅಳುಕಿದ್ದರೆ ಎರಡು-ಮೂರು ವಾರದ ವರ್ಕ್‌ಕ್ಯಾಂಪ್ ಒಳ್ಳೆಯ ಮೆಟ್ಟಿಲು. ಕುಂದಾಪುರದ ಕಡಲಾಮೆ ರಕ್ಷಣೆಯಿಂದ ಕರ್ನಾಟಕದಲ್ಲಿ ಪರಿಚಿತವಾದ ಎಫ್‌ಎಸ್‌ಎಲ್ ಇಂಡಿಯಾದಂಥ ಸಂಸ್ಥೆಗಳು ಇಲ್ಲಿನವರನ್ನು ಹೊರದೇಶದ ಶಿಬಿರಗಳಿಗೂ ಕಳಿಸುತ್ತವೆ. ಹಲವು ದೇಶದವರು ಒಟ್ಟಾಗಿ ಅಡುಗೆ ಮಾಡಿಕೊಂಡು ದುಡಿಯುವ ಪದ್ಧತಿಯಿದು.

ಸಂಸ್ಥೆ ಅಸಲಿಯೇ ಎಂದು ತಿಳಿಯುವುದು

ನೇಪಾಳದ ಸರ್ಕಾರೇತರ ಸಂಸ್ಥೆಗಳು 2034ನೇ ವಿಕ್ರಮ ಸಂವತ್ಸರದ, ಅಂದರೆ 1977ರ, ಸಂಸ್ಥಾ ದರ್ತಾ (ನೋಂದಣಿ) ಕಾಯ್ದೆಯಡಿ ಜಿಲ್ಲಾ ಪ್ರಶಾಸನ ಕಾರ್ಯಾಲಯದಲ್ಲಿ ನೋಂದಣಿಯಾಗುತ್ತವೆ. ಹಲವು ಸಂಸ್ಥೆಗಳು 1992ರ ಕಾಯ್ದೆಯಂತೆ ರಚನೆಯಾದ ಸಮಾಜ ಕಲ್ಯಾಣ ಪರಿಷತ್ತಿನ ಸದಸ್ಯತ್ವವನ್ನೂ ಪಡೆದಿರುತ್ತವೆ. ಮೂರು ಕಾಗದದ ಫೋಟೊ ಕೇಳಿ: ದರ್ತಾ ಪ್ರಮಾಣಪತ್ರ, ಅದರ ನವೀಕರಣದ ಪುಟ, ಪರಿಷತ್ತಿನ ಸದಸ್ಯತ್ವ ಪತ್ರ. ಎಲ್ಲವೂ ದೇವನಾಗರಿಯಲ್ಲಿರುತ್ತವೆ, ಹಿಂದಿ ಓದಬಲ್ಲವರಿಗೆ ಅರ್ಥವಾಗುತ್ತದೆ.

ನವೀಕರಣದ ಪುಟವೇ ಮುಖ್ಯ. ಅಲ್ಲಿನ ಆರ್ಥಿಕ ವರ್ಷ ಶ್ರಾವಣದಿಂದ ಅಸಾರದವರೆಗೆ, ಅಂದರೆ ಜುಲೈ ಮಧ್ಯದಿಂದ ಜುಲೈ ಮಧ್ಯಕ್ಕೆ. 2081/82 ಎಂದಿದ್ದರೆ ಅದು 2024ರ ಜುಲೈನಿಂದ 2025ರ ಜುಲೈವರೆಗಿನ ಅವಧಿ. ಅವರ ವರ್ಷದಿಂದ 57 ಕಳೆದರೆ ಆ ಆರ್ಥಿಕ ವರ್ಷ ಶುರುವಾದ ನಮ್ಮ ವರ್ಷ ಸಿಗುತ್ತದೆ. ನವೀಕರಣ ನಾಲ್ಕು ವರ್ಷ ಹಿಂದೆಯೇ ನಿಂತಿದ್ದರೆ ಸಂಸ್ಥೆ ಹೆಸರಿಗಷ್ಟೇ ಉಳಿದಿದೆ ಎಂದರ್ಥ. ದರ್ತಾ ಪತ್ರದ ಬದಲು ಕಂಪನಿ ನೋಂದಣಿಯ ಕಾಗದ ಕಳಿಸಿದರೆ ಅದು ಖಾಸಗಿ ವ್ಯಾಪಾರ. ಪ್ರವಾಸ ಕಂಪನಿಯಾಗಿರುವುದು ತಪ್ಪಲ್ಲ, ಆದರೆ ಸೇವಾ ಸಂಸ್ಥೆಯೆಂದು ಹೇಳಿಕೊಂಡು ಹಣ ಕೇಳಿದರೆ ಅಲ್ಲಿಗೇ ಕೈಬಿಡಿ. ಅರಣ್ಯ ಗುಂಪು, ಆಮಾ ಸಮೂಹಗಳಿಗೆ ಈ ಕಾಗದ ಇರದಿರಬಹುದು. ಅಂಥವರ ಬಗ್ಗೆ ಆ ಊರಿನ ವಡಾ (ವಾರ್ಡ್) ಕಾರ್ಯಾಲಯದಲ್ಲಿ ವಿಚಾರಿಸಿ. ದೇಶದ 753 ಸ್ಥಳೀಯ ಸರ್ಕಾರಗಳೂ ವಡಾಗಳಾಗಿ ಹಂಚಿಹೋಗಿವೆ, ವಡಾ ಅಧ್ಯಕ್ಷರಿಗೆ ಊರಿನ ಪ್ರತಿ ಗುಂಪೂ ಗೊತ್ತು.

ಕಾಗದದ ನಂತರ ಒಬ್ಬ ಹಳೆಯ ಸ್ವಯಂಸೇವಕರ ಜತೆ ಮಾತಾಡಿ. ಸಂಸ್ಥೆಯೇ ಆರಿಸಿ ಕೊಟ್ಟವರಲ್ಲದೆ ನೀವೇ ಹುಡುಕಿಕೊಂಡವರಾದರೆ ಉತ್ತಮ. 'ಚೆನ್ನಾಗಿತ್ತೇ' ಎಂದು ಕೇಳಬೇಡಿ. 'ಬೆಳಿಗ್ಗೆ ಎಷ್ಟು ಹೊತ್ತಿಗೆ ಕೆಲಸ ಶುರುವಾಗುತ್ತಿತ್ತು, ಕೆಲಸ ಹೇಳುತ್ತಿದ್ದವರು ಯಾರು, ಕೆಲಸವಿಲ್ಲದೆ ಕೂತ ದಿನ ಎಷ್ಟು, ಹೇಳದೆ ಕೇಳಿದ ಹಣ ಯಾವುದು' ಎಂಬ ನಾಲ್ಕು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಎಲ್ಲ ತಿಳಿಯುತ್ತದೆ.

ಪತ್ರ, ಕರೆ, ಒಪ್ಪಂದ

ಪತ್ರ ಒಂದು ಪುಟ ಮೀರಬಾರದು. ನೀವು ಯಾರು, ಯಾವ ಕೆಲಸ ಎಷ್ಟು ವರ್ಷ ಮಾಡಿದ್ದೀರಿ, ಯಾವ ದಿನಾಂಕದಿಂದ ಎಷ್ಟು ವಾರ ಇರಬಲ್ಲಿರಿ, ಊಟ-ವಸತಿಯ ಖರ್ಚು ನೀವೇ ಕೊಡುತ್ತೀರಿ, ಸಂಬಳ ಬೇಡ. ಕೊನೆಗೆ ಒಂದೇ ಪ್ರಶ್ನೆ: 'ಈ ಅವಧಿಯಲ್ಲಿ ನಿಮಗೆ ನನ್ನಿಂದ ಆಗಬೇಕಾದ ಕೆಲಸವಿದೆಯೇ? ಇಲ್ಲದಿದ್ದರೆ ಇಲ್ಲವೆಂದೇ ತಿಳಿಸಿ.' ಈ ಕೊನೆಯ ಮಾತು ಬಿಡಬೇಡಿ. ಬಂದವರನ್ನು ಬೇಡವೆನ್ನುವುದು ಅಲ್ಲಿಯೂ ನಮ್ಮಲ್ಲಿಯಂತೆ ಮುಜುಗರದ ಸಂಗತಿ. ಇಲ್ಲ ಎನ್ನಲು ದಾರಿ ಮಾಡಿಕೊಡದಿದ್ದರೆ 'ಬನ್ನಿ ಬನ್ನಿ' ಎನ್ನುತ್ತಾರೆ, ಹೋದ ಮೇಲೆ ಕೆಲಸವಿರುವುದಿಲ್ಲ.

ಐದಾರು ಸಂಸ್ಥೆಗಳಿಗೆ ಬರೆಯಿರಿ. ಇಮೇಲ್‌ಗೆ ಉತ್ತರ ಬಾರದಿದ್ದರೆ ವಾರದ ನಂತರ ಕರೆ ಮಾಡಿ. ವಾಟ್ಸಾಪ್ ಇದ್ದರೂ ವೈಬರ್ ಬಳಕೆ ಅಲ್ಲಿ ಹೆಚ್ಚು. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ಶನಿವಾರ ರಜೆ. ಬೆಳಿಗ್ಗೆ ಹನ್ನೊಂದರ ನಂತರ ಕರೆ ಮಾಡಿದರೆ ಜನ ಸಿಗುತ್ತಾರೆ.

ಮಾತು ಕುದುರಿದ ಮೇಲೆ ಈ ಅಂಶಗಳನ್ನು ಬರಹದಲ್ಲಿ ಪಡೆಯಿರಿ, ವೈಬರ್ ಸಂದೇಶವಾದರೂ ಸಾಕು:

- ಕೆಲಸ ಏನು, ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ, ಕೆಲಸ ಹೇಳುವವರ ಹೆಸರು.
- ಉಳಿಯುವ ಮನೆ ಯಾರದು, ದಿನಕ್ಕೆ ಎಷ್ಟು, ಎಷ್ಟು ಹೊತ್ತಿನ ಊಟ ಸೇರಿದೆ.
- ಹಣವನ್ನು ಆ ಮನೆಯವರ ಕೈಗೇ ವಾರಕ್ಕೊಮ್ಮೆ ಕೊಡಬಹುದೇ.
- ಸಂಸ್ಥೆಗೆ ಬೇರೆ ಶುಲ್ಕವಿದ್ದರೆ ಎಷ್ಟು, ಯಾವುದಕ್ಕೆ, ರಸೀದಿ ಕೊಡುತ್ತಾರೆಯೇ.
- ಮಧ್ಯದಲ್ಲಿ ಹೊರಟರೆ ಹಣದ ಗತಿ ಏನು.

ಸಣ್ಣ ಶುಲ್ಕ ಕೇಳುವುದೇ ಮೋಸವಲ್ಲ. ನಿಮ್ಮನ್ನು ನೋಡಿಕೊಳ್ಳಲು ಸಿಬ್ಬಂದಿಯ ಸಮಯ ಹೋಗುತ್ತದೆ, ಅದಕ್ಕೆ ಬೆಲೆಯಿದೆ. ಪೂರ್ತಿ ಹಣ ಮುಂಗಡ ಕೇಳುವುದು, ಸಂಸ್ಥೆಯ ಹೆಸರಿನಲ್ಲಲ್ಲದೆ ವ್ಯಕ್ತಿಯ ಖಾತೆಗೆ ಹಾಕಲು ಹೇಳುವುದು, ಲೆಕ್ಕ ಕೇಳಿದರೆ ಮಾತು ಮರೆಸುವುದು, ಇವು ಕೆಟ್ಟ ಲಕ್ಷಣ.

ಖರ್ಚಿನ ಲೆಕ್ಕ

ಬೆಂಗಳೂರಿನಿಂದ ಹೊರಟು ಪಶ್ಚಿಮ ನೇಪಾಳದ ಗುಡ್ಡದ ಹಳ್ಳಿಯಲ್ಲಿ ಆರು ವಾರ ಇರುವ ಒಬ್ಬರಿಗೆ ಅಂದಾಜು ಹೀಗೆ ಹಾಕಿಕೊಳ್ಳಿ. ಹೋಮ್‌ಸ್ಟೇ ಊಟ ಸೇರಿ ದಿನಕ್ಕೆ 1,000 ನೇಪಾಳಿ ರೂಪಾಯಿಯಂತೆ 42 ದಿನಕ್ಕೆ 42,000, ಅಂದರೆ ₹26,250. ಸ್ಲೀಪರ್ ರೈಲು, ಬಸ್ಸು, ದಾರಿಯ ಊಟ, ಒಂದೆರಡು ರಾತ್ರಿಯ ಲಾಡ್ಜ್ ಸೇರಿ ಹೋಗಿಬರಲು ₹8,000. ವಿಮೆ ₹3,000, ಲಸಿಕೆ ಮತ್ತು ಔಷಧಿ ₹4,000, ಸಿಮ್, ಸ್ಥಳೀಯ ಬಸ್ಸು, ಚಿಲ್ಲರೆ ₹3,000. ಒಟ್ಟು ಸುಮಾರು ₹44,000. ಇದಲ್ಲದೆ ₹15,000 ಮುಟ್ಟದ ಹಣವಾಗಿ ಖಾತೆಯಲ್ಲಿರಲಿ, ತುರ್ತಾಗಿ ವಿಮಾನ ಹತ್ತಬೇಕಾದರೆ ಬೇಕಾಗುತ್ತದೆ. ಹೋಮ್‌ಸ್ಟೇ ದರ ಊರಿಂದೂರಿಗೆ 800ರಿಂದ 1,500ರವರೆಗೂ ಇರಬಹುದು. ತಿಂಗಳು ಮೀರಿ ಉಳಿಯುವವರಿಗೆ ಮನೆಯವರೇ ಇಳಿಸುವುದುಂಟು. ನೀವಾಗಿ ಚೌಕಾಶಿ ಮಾಡಬೇಡಿ.

ಹಣ ಒಯ್ಯುವಾಗ ₹100 ಮತ್ತು ಅದಕ್ಕಿಂತ ಸಣ್ಣ ನೋಟುಗಳೇ ಇರಲಿ. ನೇಪಾಳ 2018ರಲ್ಲಿ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು, ಆಮೇಲೆ ನಿಯಮ ಬದಲಾದರೂ ಹಳ್ಳಿಯ ಅಂಗಡಿಯವರು ₹500ರ ನೋಟು ಕಂಡರೆ ಹಿಂಜರಿಯುತ್ತಾರೆ. 2024ರಿಂದ ನೇಪಾಳದ 'ಫೋನೆಪೇ' (Fonepay) ಎಂಬ ಪಾವತಿ ಜಾಲದ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಪೇಟೆಗಳಲ್ಲಿ ಇದು ಸಾಕು, ಗುಡ್ಡದ ಮೇಲೆ ನಗದು ಬೇಕು. ಜಿಲ್ಲಾ ಕೇಂದ್ರ ಬಿಡುವ ಮುಂಚೆ ಎರಡು ವಾರಕ್ಕಾಗುವಷ್ಟು ನೇಪಾಳಿ ನೋಟು ಮಾಡಿಕೊಳ್ಳಿ.

ದಾಖಲೆ ಮತ್ತು ದಾರಿ

ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 65 ವಯಸ್ಸಿನವರು ವಿಮಾನದಲ್ಲಿ ಹೋಗುವುದಾದರೆ ಆಧಾರ್ ನಡೆಯುವುದಿಲ್ಲ. ಇದನ್ನು ತಿಳಿಯದೆ ದೆಹಲಿಯ ವಿಮಾನ ನಿಲ್ದಾಣದಿಂದ ವಾಪಸಾದವರು ಎಷ್ಟೋ ಮಂದಿ. ಮೂರ್ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ ಇಟ್ಟುಕೊಳ್ಳಿ, ಸಿಮ್ ಕೊಳ್ಳಲು, ಪರವಾನಗಿಗಳಿಗೆ ಬೇಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದೊಳಗಿನ ಹಳ್ಳಿಗೆ ಪರವಾನಗಿ ಪಡೆಯುವಾಗ ಸಾರ್ಕ್ ದೇಶದವರ ದರ ಕೇಳಿ, ಇತರ ವಿದೇಶೀಯರ ಮೂರನೇ ಒಂದು ಪಾಲಷ್ಟೇ ಆಗುತ್ತದೆ.

ಬೆಂಗಳೂರಿನಿಂದ ಗೋರಖ್‌ಪುರಕ್ಕೆ ನೇರ ರೈಲುಗಳಿವೆ, ಆದರೆ ದಿನಾ ಇಲ್ಲ. ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಅದೇ ದಿನ ಮಾಡಿಸಿ. ಗೋರಖ್‌ಪುರದಿಂದ ಸುನೌಲಿ ಗಡಿಗೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಗಡಿ ನಡೆದೇ ದಾಟಬಹುದು. ಅಲ್ಲಿಂದ ನಾಲ್ಕೈದು ಕಿಲೋಮೀಟರಿಗೆ ಭೈರಹವಾ, ಪೋಖರಾಕ್ಕೆ ಪಾಲ್ಪಾದ ಮೂಲಕ ಮತ್ತು ಕಠ್ಮಂಡುವಿಗೆ ಬಸ್ಸು. ಕಠ್ಮಂಡುವಿನ ದಾರಿ ನಕ್ಷೆಯಲ್ಲಿ 300 ಕಿಲೋಮೀಟರಿಗೂ ಕಡಿಮೆ ಕಂಡರೂ ಇಡೀ ದಿನ ಹಿಡಿಯುತ್ತದೆ. ಪೂರ್ವಕ್ಕೆ ಹೋಗುವವರು ಸಂಘಮಿತ್ರ ರೈಲಿನಲ್ಲಿ ಪಟ್ನಾ ಪಕ್ಕದ ದಾನಾಪುರಕ್ಕೆ ಹೋಗಿ ರಕ್ಸೌಲ್-ಬೀರಗಂಜ್ ಮೂಲಕ ದಾಟಬಹುದು.

ಮಳೆಗಾಲದಲ್ಲಿ ರಾತ್ರಿ ಬಸ್ಸು ಹತ್ತಲೇಬೇಡಿ. 2024ರ ಜುಲೈ 12ರ ಬೆಳಗಿನ ಜಾವ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್‌ನಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ಅದೇ ದಾರಿಯಲ್ಲಿ ಹಗಲಾದರೆ ಕುಸಿತ ಕಂಡು ವಾಹನ ನಿಲ್ಲಿಸುತ್ತಾರೆ.

ಹಳೆ ಬಟ್ಟೆ, ನೋಟ್‌ಬುಕ್, ಆಟಿಕೆಗಳ ಮೂಟೆ ಹೊತ್ತೊಯ್ಯಬೇಡಿ. 100 ನೇಪಾಳಿ ರೂಪಾಯಿಗಿಂತ ಹೆಚ್ಚಿನ ಸರಕಿಗೆ ಗಡಿಯಲ್ಲಿ ಸುಂಕ ಕೇಳುವ ನಿಯಮವಿದೆ. ಮೇಲಾಗಿ ಅದೇ ನೋಟ್‌ಬುಕ್ಕನ್ನು ಹಳ್ಳಿಯ ಹತ್ತಿರದ ಪೇಟೆಯಲ್ಲಿ ಕೊಂಡರೆ ಅಲ್ಲಿನ ಅಂಗಡಿಗೂ ವ್ಯಾಪಾರ.

ಆರೋಗ್ಯ

ಹೊರಡುವ ಆರು ವಾರ ಮುಂಚೆ ವೈದ್ಯರನ್ನು ಕಾಣಿ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳ ಬಗ್ಗೆ ಕೇಳಿ. ತರಾಯಿಯಲ್ಲಿ, ಅಂದರೆ ದಕ್ಷಿಣದ ಬಯಲುಸೀಮೆಯಲ್ಲಿ, ತಿಂಗಳುಗಟ್ಟಲೆ ಇರುವವರು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಯ ಬಗ್ಗೆಯೂ ಕೇಳಬೇಕು. ನಾಯಿಗಳ ಜತೆ ಕೆಲಸ ಮಾಡುವವರು ರೇಬಿಸ್‌ನ ಮುಂಜಾಗ್ರತಾ ಲಸಿಕೆ ಪಡೆಯಲೇಬೇಕು, ಎಷ್ಟು ಡೋಸ್, ಯಾವ ಯಾವ ದಿನ ಎಂದು ವೈದ್ಯರನ್ನು ಕೇಳಿ. ಅದನ್ನು ಪಡೆದಿದ್ದರೂ ನಾಯಿ ಕಚ್ಚಿದರೆ ಮತ್ತೆ ಲಸಿಕೆ ಬೇಕು. ಡೆಂಗಿ ಈಗ ಕಠ್ಮಂಡುವಿನಲ್ಲೂ ಬರುತ್ತದೆ.

ಹೆಚ್ಚಿನ ಹಳ್ಳಿಗಳು 2,000 ಮೀಟರಿನೊಳಗೆ ಇರುವುದರಿಂದ ಎತ್ತರದ ಕಾಯಿಲೆಯ ಭಯವಿಲ್ಲ. 2,500 ಮೀಟರ್ ದಾಟುವವರು ಎಚ್ಚರವಾಗಿರಬೇಕು. 3,000 ಮೀಟರಿನ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ. ತಲೆನೋವಿನ ಜತೆ ವಾಂತಿ ಅಥವಾ ತೂರಾಟ ಕಂಡರೆ ಕೆಳಗಿಳಿಯುವುದೇ ಔಷಧಿ. ವಿಮೆ ಕೊಳ್ಳುವಾಗ ಎಷ್ಟು ಮೀಟರಿನವರೆಗೆ ರಕ್ಷಣೆ, ಹೆಲಿಕಾಪ್ಟರ್ ಸೇರಿದೆಯೇ ಎಂದು ಓದಿ ನೋಡಿ. ತುರ್ತಿಗೆ ಪೊಲೀಸ್ 100, ಆಂಬ್ಯುಲೆನ್ಸ್ 102, ಪ್ರವಾಸಿ ಪೊಲೀಸ್ 1144.

ಮೊದಲ ವಾರ

ಮೊದಲ ನಾಲ್ಕೈದು ದಿನ ಸಲಹೆ ಕೊಡಬೇಡಿ. ಯಾರು ಯಾರ ಮಾತು ಕೇಳುತ್ತಾರೆ, ಕೆಲಸ ಹೇಗೆ ಸಾಗುತ್ತದೆ ಎಂದು ನೋಡಿ. ಊಟ ಬೆಳಿಗ್ಗೆ ಒಂಬತ್ತು-ಹತ್ತಕ್ಕೆ ಒಮ್ಮೆ ಮತ್ತು ರಾತ್ರಿ ಒಮ್ಮೆ, ಎರಡೂ ದಾಲ್-ಭಾತ್. ಮಧ್ಯಾಹ್ನ ಚಹಾ, ಅವಲಕ್ಕಿ, ಅಷ್ಟೇ. ಒಂದು ಗಂಟೆಗೆ ಊಟ ಮಾಡಿ ರೂಢಿಯಾದ ನಮಗೆ ಮೊದಲ ವಾರ ಹೊಟ್ಟೆ ಹೊಂದಿಕೊಳ್ಳುವುದಿಲ್ಲ. ಒಂದಿಷ್ಟು ಕಡಲೆಬೀಜ ಜತೆಗಿರಲಿ, ಆದರೆ ಮನೆಯವರು ಮೂರನೇ ಊಟ ಬೇಯಿಸಲಿ ಎಂದು ಬಯಸಬೇಡಿ. ಒಲೆಯ ಬಳಿ ಹೋಗುವ ಮುಂಚೆ ಕೇಳಿ, ಎಂಜಲಿನ ವಿಚಾರದಲ್ಲಿ ನಮ್ಮ ಅಜ್ಜಿಯರ ಕಾಲದ ನೇಮ ಅಲ್ಲಿನ ಎಷ್ಟೋ ಮನೆಗಳಲ್ಲಿ ಉಳಿದಿದೆ.

ಭಾರತದಿಂದ ಹೋದವರು ಮಾತಿನಲ್ಲಿ ಇನ್ನಷ್ಟು ಜಾಗ್ರತೆ ವಹಿಸಬೇಕು. 'ಇದೂ ಭಾರತದ ಹಾಗೇ' ಎಂಬ ಮಾತು ನಮಗೆ ಪ್ರೀತಿಯದೆನಿಸಿದರೂ ಅವರಿಗೆ ಚುಚ್ಚುತ್ತದೆ. 2015ರ ಸೆಪ್ಟೆಂಬರಿನಿಂದ ಮುಂದಿನ ಫೆಬ್ರವರಿವರೆಗೆ ಗಡಿಯಲ್ಲಿ ಸರಕು ನಿಂತು, ಅಡುಗೆ ಅನಿಲವಿಲ್ಲದೆ ಕಟ್ಟಿಗೆ ಉರಿಸಿದ್ದನ್ನು ಜನ ಮರೆತಿಲ್ಲ, ಅದಕ್ಕೆ ಅವರು ಹೊಣೆ ಮಾಡುವುದು ಭಾರತವನ್ನು. ವಾದಕ್ಕಿಳಿಯದೆ ಕೇಳಿಸಿಕೊಳ್ಳಿ. ಹಿಂದಿ ತರಾಯಿಯಲ್ಲಿ, ಪೇಟೆಗಳಲ್ಲಿ ನಡೆಯುತ್ತದೆ. ಗುಡ್ಡದಲ್ಲಿ ನೇಪಾಳಿಯ ಐವತ್ತು ಪದವನ್ನಾದರೂ ಕಲಿತು ಹೋಗಿ: ಹಿರಿಯ ಗಂಡಸಿಗೆ ದಾಯಿ, ಹೆಂಗಸಿಗೆ ದಿದೀ, ಕಿರಿಯರಿಗೆ ಭಾಯಿ, ಬಹಿನೀ, ಎಲ್ಲರಿಗೂ ತಪಾಯಿಂ ಎಂಬ ಬಹುವಚನ. ಬೆಂಗಳೂರಿನಲ್ಲಿ ನಿಮ್ಮ ಕಟ್ಟಡ ಕಾಯುವವರು, ಹೋಟೆಲಿನಲ್ಲಿ ದುಡಿಯುವವರು ನೇಪಾಳದವರಾಗಿದ್ದರೆ ಅವರೇ ಒಳ್ಳೆಯ ಗುರುಗಳು. ಅವರ ಊರಿನ ಸುದ್ದಿಯೂ ಸಿಗುತ್ತದೆ.

ಕೆಲಸ ಸಾಗದಿದ್ದರೆ

ಎರಡನೇ ವಾರದ ಕೊನೆಗೂ ಕೆಲಸ ಶುರುವಾಗದಿದ್ದರೆ ಕೆಲಸ ಹೇಳುವವರ ಜತೆ ಕೂತು, ಒಪ್ಪಂದದ ಸಂದೇಶವನ್ನು ಮುಂದಿಟ್ಟುಕೊಂಡು ಸಮಾಧಾನವಾಗಿ ಮಾತಾಡಿ. ಹೆಚ್ಚಿನ ಸಲ ಕಾರಣ ಸರಳ: ಸುಗ್ಗಿ ಬಂತು, ಮನೆಯಲ್ಲಿ ಸೂತಕ, ಸಾಮಾನು ಬಂದಿಲ್ಲ. ಅಂಥ ದಿನಗಳಲ್ಲಿ ಹೊಲಕ್ಕೆ, ಕಟ್ಟಿಗೆಗೆ ಮನೆಯವರ ಜತೆ ಹೋಗಿ. ಒಪ್ಪಿದ ಕೆಲಸ ಇಲ್ಲವೇ ಇಲ್ಲ ಎಂದಾದರೆ ಮನೆಯ ಲೆಕ್ಕ ಪೂರ್ತಿ ತೀರಿಸಿ ಹೊರಡಿ. ಅದಕ್ಕೇ ವಾರಕ್ಕೊಮ್ಮೆ ಕೊಡಿ ಎಂದದ್ದು.

ಹಣ ಕೇಳುವವರು ಸಿಗುತ್ತಾರೆ. ಒಬ್ಬರ ಮಗನ ಫೀಸು, ಇನ್ನೊಬ್ಬರ ಆಪರೇಷನ್. ಒಬ್ಬರಿಗೆ ಗುಟ್ಟಾಗಿ ಕೊಟ್ಟ ಹಣ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ, ಕೊಡದೆ ಉಳಿದ ಮನೆಗಳವರ ಮುಖ ಸಣ್ಣದಾಗುತ್ತದೆ. ಕೊಡಲೇಬೇಕೆನಿಸಿದರೆ ಶಾಲೆಯ ವ್ಯವಸ್ಥಾಪನ ಸಮಿತಿಗೋ ಆಮಾ ಸಮೂಹಕ್ಕೋ ಸಭೆಯಲ್ಲಿ ಕೊಟ್ಟು ರಸೀದಿ ಪಡೆಯಿರಿ, ಯಾರಿಗೆ ಸೇರಬೇಕೆಂದು ಅವರೇ ತೀರ್ಮಾನಿಸಲಿ.

ಮಕ್ಕಳ ಫೋಟೊ ಹಾಕಬೇಡಿ. ದೊಡ್ಡವರದ್ದಾದರೆ ಕೇಳಿ ತೆಗೆಯಿರಿ, ಜಾಲದಲ್ಲಿ ಹಾಕುವ ಮುಂಚೆ ಮತ್ತೊಮ್ಮೆ ಕೇಳಿ.

ಹೊರಡುವ ಮುಂಚೆ

ಕೊನೆಯ ವಾರ ಹೊಸ ಕೆಲಸ ಹಿಡಿಯಬೇಡಿ. ನೀವು ಮಾಡುತ್ತಿದ್ದುದನ್ನು ಅಲ್ಲಿನ ಒಬ್ಬರು ನಿಮ್ಮೆದುರೇ ಪೂರ್ತಿ ಮಾಡಿ ತೋರಿಸಲಿ. ಕಡತಗಳು ಸಂಸ್ಥೆಯ ಕಂಪ್ಯೂಟರಿನಲ್ಲಿ, ಅವರದೇ ಇಮೇಲ್ ಖಾತೆಯಲ್ಲಿ ಇರಲಿ. ಪಾಸ್‌ವರ್ಡು ಬರೆದು ಕಾರ್ಯದರ್ಶಿಯ ಕೈಗೆ ಕೊಡಿ. ಸ್ವಯಂಸೇವಕ ತನ್ನ ಜಿಮೇಲಿನಲ್ಲಿ ತೆರೆದ ಬುಕಿಂಗ್ ಪುಟ, ಆತ ಊರಿಗೆ ಮರಳಿದ ಮೇಲೆ ಯಾರಿಗೂ ತೆರೆಯಲಾಗದೆ ಹೋಮ್‌ಸ್ಟೇ ಅತಿಥಿಗಳನ್ನು ಕಳೆದುಕೊಳ್ಳುವುದು ಅಲ್ಲಿ ಮಾಮೂಲಿ ದೂರು. ಎರಡು ಪುಟದ ಟಿಪ್ಪಣಿ ಬರೆದಿಡಿ: ಏನಾಯಿತು, ಏನು ಉಳಿಯಿತು, ಮುಂದೆ ಬರುವವರು ಎಲ್ಲಿಂದ ಹಿಡಿಯಬೇಕು. ಗೋರಖ್‌ಪುರದ ರೈಲಿಗೆ ಎರಡು ದಿನ ಮುಂಚೆಯೇ ಹಳ್ಳಿ ಬಿಡಿ. ರಸ್ತೆ ಕುಸಿದಿದ್ದರೆ, ಬಂದ್ ಆಗಿದ್ದರೆ ಒಂದು ದಿನ ಅಲ್ಲಿಗೇ ಹೋಗುತ್ತದೆ, ಮುಂದಿನ ನೇರ ರೈಲಿಗೆ ದಿನಗಟ್ಟಲೆ ಕಾಯಬೇಕಾಗುತ್ತದೆ.